ಮೆಳ್ಳೆಗಣ್ಣಿನ ಆಪರೇಷನ್ ಎರಡು ಸಲ ಆಯಿತು, ಎರಡನೆಯದಕ್ಕೆ ನಾನೇ ಕಾರಣ

27 ವರ್ಷ, ಚಿಕ್ಕಂದಿನಿಂದ ಮೆಳ್ಳೆಗಣ್ಣು. "ಬರೀ ಚಂದ ಕಾಣೋಕೆ ಆಪರೇಷನ್ ಮಾಡಿಸಿಕೊಳ್ಳಬೇಕಾ? ಮಾಡಿಸಿದರೂ ಕಣ್ಣು ವಾಪಸ್ ಜಾರುತ್ತಂತೆ, ನಿಜವಾ?" ಎಂದು ಕೇಳಿದ್ದೀರಿ. 29ನೇ ವಯಸ್ಸಿನಲ್ಲಿ ನಾನೂ ಹೆಚ್ಚುಕಡಿಮೆ ಇದೇ ಮಾತು ಕೇಳುತ್ತಾ ಓಡಾಡಿದ್ದೆ. ಆಮೇಲೆ ಎರಡು ಸಲ ಆಪರೇಷನ್ ಆಯಿತು. ಎರಡನೆಯದನ್ನು ಹಣೆಬರಹದ ಮೇಲೆ ಹಾಕುವ ಹಾಗಿಲ್ಲ. ಅದು ನನ್ನ ಫೋನಿನ ಹುಚ್ಚಿಗೆ ಕಟ್ಟಿದ ದಂಡ.

ನನ್ನದು ಹೊರಗೆ ಜಾರುವ ಕಣ್ಣು. ಇಡೀ ದಿನ ಅಲ್ಲ. ಬೆಳಗ್ಗೆ ನೆಟ್ಟಗಿರುತ್ತಿತ್ತು. ಸಂಜೆ ಸುಸ್ತಾದಾಗ, ಏನೋ ಯೋಚಿಸುತ್ತಾ ಕೂತಾಗ ಎಡಗಣ್ಣು ಕಿವಿಯ ಕಡೆ ಹೊರಟುಬಿಡುತ್ತಿತ್ತು. ಬಿಸಿಲಿಗೆ ಬಂದರೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೀಟಿಂಗಿನಲ್ಲಿ ಒಬ್ಬರನ್ನು ಏನಾದರೂ ಕೇಳಿದರೆ ಪಕ್ಕದವರು ಉತ್ತರ ಕೊಡುತ್ತಿದ್ದರು. ಹೀಗೆ ವರ್ಷಗಟ್ಟಲೆ ಕಳೆದವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಎದುರಿಗಿರುವವರು ಮುಖ ನೋಡಿದ ಕೂಡಲೇ ಕಣ್ಣನ್ನು ಎಳೆದು ನೆಟ್ಟಗೆ ಮಾಡಿಕೊಳ್ಳುವುದು. ನಿಮಗೂ ಇರಬಹುದು, ಗಮನಿಸಿ ನೋಡಿ. ಡಾಕ್ಟರ್ ಮುಂದೆ ಕೂತರೂ ಈ ಚಾಳಿ ಬಿಡುವುದಿಲ್ಲ. ಯಾವ ರೋಗ ತೋರಿಸಲು ಹೋಗಿದ್ದೇವೋ ಅದನ್ನೇ ಬಚ್ಚಿಟ್ಟು ಕೂರುತ್ತೇವೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆಪರೇಷನ್‌ಗೆ ಮೊದಲು ಕಣ್ಣು ಎಷ್ಟು ಜಾರುತ್ತದೆ ಎಂದು ಅಳೆಯುತ್ತಾರೆ. ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಮುಂದೆ ಪ್ರಿಸಂ, ಅಂದರೆ ಬೆಳಕನ್ನು ಬಾಗಿಸುವ ಗಾಜಿನ ತುಂಡು ಹಿಡಿಯುತ್ತಾರೆ. ಕಣ್ಣಿನ ಕುಣಿತ ನಿಲ್ಲುವವರೆಗೆ ಒಂದೊಂದಾಗಿ ದಪ್ಪದ ಪ್ರಿಸಂ ಬದಲಿಸುತ್ತಾರೆ. ಅಳತೆಯ ಲೆಕ್ಕವೂ ಪ್ರಿಸಂನಲ್ಲೇ: 1 ಪ್ರಿಸಂ ಎಂದರೆ ಒಂದು ಮೀಟರ್ ದೂರದಲ್ಲಿ ನೋಟ 1 ಸೆಂಟಿಮೀಟರ್ ಸರಿಯುವಷ್ಟು. 25 ಪ್ರಿಸಂ ಎಂದರೆ ಅಷ್ಟು ದೂರದಲ್ಲಿ ಕಾಲು ಮೀಟರ್ ಆಚೆ ನೋಡುತ್ತಿದೆ ಎಂದರ್ಥ. ನನ್ನಂಥ ಬಚ್ಚಿಡುವ ಗಿರಾಕಿಗಳಿಗೆ ಇನ್ನೊಂದು ಪರೀಕ್ಷೆ ಇದೆ. ಒಂದು ಕಣ್ಣಿಗೆ ಪಟ್ಟಿ ಅಂಟಿಸಿ ಒಂದು ಗಂಟೆ ಕೂರಿಸುತ್ತಾರೆ. ಎರಡೂ ಕಣ್ಣು ಒಟ್ಟಿಗೆ ನೋಡದೇ ಇದ್ದರೆ ಅವನ್ನು ಹಿಡಿದಿಡುವ ಕೆಲಸವನ್ನು ಮೆದುಳು ನಿಧಾನಕ್ಕೆ ಕೈಬಿಡುತ್ತದೆ. ಬಿಗಿದ ಮುಷ್ಟಿ ಸಡಿಲವಾದ ಹಾಗೆ. ಆಗ ಕಣ್ಣು ಪೂರ್ತಿ ಎಷ್ಟು ಜಾರುತ್ತದೋ ಅಷ್ಟೂ ಬಯಲಿಗೆ ಬರುತ್ತದೆ.

"ಒಂದು ಕ್ಷಣವೂ ತೆಗೀಬೇಡಿ" ಎಂದು ಹೇಳಿ ನನ್ನ ಬಲಗಣ್ಣಿಗೆ ಪಟ್ಟಿ ಹಾಕಿ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಸುಮಾರು ನಲವತ್ತು ನಿಮಿಷ ಆಗಿತ್ತು. ಫೋನ್ ಗುಂಯ್ ಎಂದಿತು. ಆಫೀಸಿನದು. ಬರೀ ಎಡಗಣ್ಣಲ್ಲಿ ಓದುವುದು ಕಿರಿಕಿರಿ ಎನಿಸಿತು. ಪಟ್ಟಿಯ ಒಂದು ಅಂಚು ಎತ್ತಿದೆ, ಓದಿದೆ, ಉತ್ತರ ಕುಟ್ಟಿದೆ, ಮತ್ತೆ ಅಂಟಿಸಿದೆ. ಎರಡೇ ನಿಮಿಷ. ಒಳಗೆ ಕರೆದು "ಮಧ್ಯೆ ತೆಗೆದಿಲ್ಲ ಅಲ್ವಾ?" ಎಂದು ಕೇಳಿದರು. "ಇಲ್ಲ" ಎಂದೆ.

ನೋಡಿ, ಪಟ್ಟಿ ತೆಗೆದು ಗೋಡೆ ನೋಡಿದ್ದರೂ ಮುಷ್ಟಿ ಮತ್ತೆ ಬಿಗಿಯಾಗುತ್ತಿತ್ತು. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಹತ್ತಿರದ ಅಕ್ಷರ ಓದುವಾಗ ಎರಡೂ ಕಣ್ಣು ಮೂಗಿನ ಕಡೆ ಎಳೆದುಕೊಳ್ಳಲೇಬೇಕು. ನಲವತ್ತು ನಿಮಿಷ ಕೂತು ಸಡಿಲ ಮಾಡಿದ್ದನ್ನು ಎರಡು ನಿಮಿಷದಲ್ಲಿ ಬಿಗಿದುಬಿಟ್ಟೆ. ಅಳತೆ 25 ಬಂತು. 25ಕ್ಕೆ ಎರಡೂ ಕಣ್ಣಿನ ಹೊರಗಿನ ಸ್ನಾಯುವನ್ನು ಸುಮಾರು 6 ಮಿಲಿಮೀಟರ್ ಹಿಂದೆ ಸರಿಸಿ ಹೊಲಿಯುತ್ತಾರೆ. ಪಟ್ಟಿ ಎತ್ತದೆ ಕೂತು 40 ಬಂದಿದ್ದರೆ ಸುಮಾರು 8. ಒಂದೊಂದು ಕಣ್ಣಿಗೆ 2 ಮಿಲಿಮೀಟರ್ ವ್ಯತ್ಯಾಸ. ಒಂದು ಮೆಸೇಜಿಗೆ 2 ಮಿಲಿಮೀಟರ್ ಕೊಟ್ಟು ಬಂದೆ. ಆ ಮೆಸೇಜ್ ಏನಿತ್ತು ಎಂದು ಈಗ ನೆನಪೂ ಇಲ್ಲ.

ಮೊದಲ ಆಪರೇಷನ್ ಮಾರನೇ ದಿನ ಕನ್ನಡಿ ನೋಡಿದೆ. ಕಣ್ಣು ಕೆಂಪಗೆ, ಆದರೆ ನೆಟ್ಟಗೆ. ಡಬಲ್ ಕಾಣುತ್ತಿರಲಿಲ್ಲ. ಕುಣಿದಾಡಿಬಿಟ್ಟೆ. ಡಾಕ್ಟರ್ ಮಾತ್ರ ಅಷ್ಟು ಖುಷಿಯಲ್ಲಿದ್ದಂತೆ ಕಾಣಲಿಲ್ಲ. ಕಾರಣ ಆಮೇಲೆ ತಿಳಿಯಿತು. ಹೊರಗೆ ಜಾರುವ ಕಣ್ಣಿಗೆ ಆಪರೇಷನ್ ಆದ ಹೊಸದರಲ್ಲಿ ಸ್ವಲ್ಪ ಒಳಗೆ ಬಾಗಿದ್ದು, ಕೆಲವು ದಿನ ಡಬಲ್ ಕಂಡರೆ ಅವರಿಗೆ ಸಮಾಧಾನ. ಅದು ಮತ್ತೆ ಹೊರಗೆ ಸರಿದು ಮಧ್ಯಕ್ಕೆ ಬರುತ್ತದೆ. ಮೊದಲ ದಿನವೇ ಸರಿಯಾಗಿ ಮಧ್ಯದಲ್ಲಿದ್ದರೆ ಸರಿಯಲು ಉಳಿದಿರುವುದು ಹೊರಗಡೆಯೇ. ನಾಲ್ಕನೇ ತಿಂಗಳಿಗೆ ನನ್ನ ಕಣ್ಣು 18 ಪ್ರಿಸಂ ಹೊರಗಿತ್ತು.

ಆಗ ಪಟ್ಟಿಯ ಕಥೆ ಬಾಯಿಬಿಟ್ಟೆ. ಡಾಕ್ಟರ್ ಬೈಯಲಿಲ್ಲ. "ಇಂಥ ಕಣ್ಣು ಸರಿಯಾಗಿ ಅಳೆದರೂ ವಾಪಸ್ ಜಾರುತ್ತೆ, ಎಲ್ಲಾ ನಿಮ್ಮ ತಲೆಗೇ ಕಟ್ಟಿಕೊಳ್ಳಬೇಡಿ" ಎಂದರು. ಒಳ್ಳೆಯ ಮನುಷ್ಯ. ನಾನು ಮಾತ್ರ ಇವತ್ತಿಗೂ ಕಟ್ಟಿಕೊಂಡೇ ಇದ್ದೇನೆ.

ಎರಡನೇ ಸಲ ಎಡಗಣ್ಣಿನ ಒಳಗಿನ ಸ್ನಾಯುವನ್ನು ಮೊಟಕು ಮಾಡಿ, ಗಂಟನ್ನು ಪೂರ್ತಿ ಬಿಗಿಯದೆ ಬಿಟ್ಟರು. ದೊಡ್ಡವರಿಗೆ ಈ ಅನುಕೂಲ ಇದೆ. ಎಚ್ಚರವಾದ ಮೇಲೆ ಅಳೆದು ದಾರ ಸರಿಮಾಡಬಹುದು. ಮರಗಟ್ಟುವ ಡ್ರಾಪ್ಸ್ ಹಾಕಿ, ಎದುರಿನ ದೀಪ ನೋಡು ಎಂದರು. ಎರಡು ದೀಪ ಕಾಣುತ್ತಿತ್ತು, ಒಂದರಿಂದ ಒಂದು ದೂರ. ಕಣ್ಣಿನ ಬುಡದಲ್ಲಿ ಯಾರೋ ದಾರ ಜಗ್ಗಿದಂತಾಯಿತು. ನೋವಲ್ಲ, ಒಂದು ಥರ ಒತ್ತಡ. ಹೊಟ್ಟೆ ತೊಳಸಿತು. ಎರಡು ದೀಪ ಹತ್ತಿರ ತೆವಳಿದವು. "ಈಗ?" ಎಂದರು. "ಇನ್ನೂ ಎರಡು, ಆದರೆ ಅಂಟಿಕೊಂಡಿವೆ." "ಸಾಕು, ಇಷ್ಟೇ ಬೇಕಿತ್ತು" ಎಂದು ಗಂಟು ಹಾಕಿದರು. ಹತ್ತು ದಿನ ಒಂದು ಕಣ್ಣು ಮುಚ್ಚಿಕೊಂಡು ಮೆಟ್ಟಿಲು ಇಳಿದೆ. ಹನ್ನೊಂದನೇ ದಿನ ದೀಪ ಒಂದೇ ಆಯಿತು.

ಇನ್ನು ನಿಮ್ಮ ಪ್ರಶ್ನೆ. "ಬರೀ ಚಂದಕ್ಕೆ" ಎಂಬ ಮಾತೇ ತಪ್ಪು. ಇರಬೇಕಾದ ಜಾಗದಲ್ಲಿಲ್ಲದ ಕಣ್ಣನ್ನು ಆ ಜಾಗಕ್ಕೆ ತರುವುದು ಮೇಕಪ್ ಅಲ್ಲ. ಮುರಿದ ಕೈ ವಕ್ರವಾಗಿ ಕೂಡಿಕೊಂಡಿದ್ದರೆ ಸರಿಮಾಡಿಸುವುದನ್ನು ಯಾರಾದರೂ ಚಂದಕ್ಕೆ ಎನ್ನುತ್ತಾರಾ? "ನೂರಕ್ಕೆ ನೂರು ನೆಟ್ಟಗಾಗುತ್ತಾ" ಎಂದೂ ಕೇಳಬೇಡಿ. ಸಾಮಾನ್ಯವಾಗಿ 10 ಪ್ರಿಸಂ ಒಳಗೆ ಉಳಿದರೆ ಡಾಕ್ಟರುಗಳ ಲೆಕ್ಕದಲ್ಲಿ ಅದು ಗೆದ್ದ ಆಪರೇಷನ್. ಅಷ್ಟು ವಾರೆ ಎದುರಿಗಿರುವವರಿಗೆ ಬಹುಮಟ್ಟಿಗೆ ಗೊತ್ತೇ ಆಗುವುದಿಲ್ಲ. ಒಂದೇ ಸಲಕ್ಕೆ ಮುಗಿಯದೆ ಇನ್ನೊಂದು ಬೇಕಾಗುವವರು ತುಂಬಾ ಜನ ಇದ್ದಾರೆ. ಅದನ್ನು ಸೋಲು ಅಂದುಕೊಂಡು ಹೋದರೆ ಸುಮ್ನೆ ಕೊರಗುತ್ತೀರಿ. ನೀವು ಕೇಳಬೇಕಾದದ್ದು: ನನ್ನದು ಎಷ್ಟು ಪ್ರಿಸಂ, ಎಷ್ಟು ಸಲ ಅಳೆದಿರಿ, ಹತ್ತಿರಕ್ಕೆಷ್ಟು, ದೂರಕ್ಕೆಷ್ಟು, ಆಮೇಲೆ ಡಬಲ್ ಕಾಣುವ ಸಾಧ್ಯತೆ ಇದೆಯಾ ಎಂದು ಪ್ರಿಸಂ ಹಿಡಿದು ನೋಡಿದಿರಾ. ಒಂದೇ ಭೇಟಿಯಲ್ಲಿ ಅಳೆದು ದಿನ ಗೊತ್ತು ಮಾಡಿದರೆ ಎದ್ದು ಬನ್ನಿ.

ಕನ್ನಡಕ ಹೋಗುತ್ತದೆ, ಮಂದ ಕಣ್ಣಿನ ದೃಷ್ಟಿ ಏರುತ್ತದೆ ಎಂಬ ಆಸೆಯಿದ್ದರೆ ಬಿಡಿ, ಇದು ಸ್ನಾಯುವಿನ ಕೆಲಸ ಅಷ್ಟೇ. ಕಣ್ಣುಗುಡ್ಡೆ ಹೊರಗೆ ತೆಗೆದಿಡುತ್ತಾರೆ ಎಂದು ನನಗೂ ಹೆದರಿಸಿದ್ದರು, ಶುದ್ಧ ಸುಳ್ಳು. ಹೆದರುವವರಿದ್ದರೆ ಒಬ್ಬ ಹುಡುಗನನ್ನು ನೆನೆಸಿಕೊಳ್ಳಿ: 1839ರಲ್ಲಿ ಬರ್ಲಿನ್ನಿನಲ್ಲಿ ಡೀಫೆನ್‌ಬಾಖ್ ಎಂಬ ಸರ್ಜನ್ ಮೆಳ್ಳೆಗಣ್ಣಿನ ಸ್ನಾಯು ಕತ್ತರಿಸಿದ್ದು 7 ವರ್ಷದ ಹುಡುಗನಿಗೆ. ಆಗ ಅರಿವಳಿಕೆಯೇ ಬಂದಿರಲಿಲ್ಲ.

ನಿಮ್ಮದು ಚಿಕ್ಕಂದಿನದು ಎಂದಿದ್ದೀರಿ, ಹಾಗಾಗಿ ಇಷ್ಟು ಬರೆದೆ. ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆ ಡಬಲ್ ಕಾಣತೊಡಗಿದ್ದರೆ ಅದು ಬೇರೆಯೇ ವಿಷಯ. ಅಂಥವರು ಇದನ್ನು ಓದುತ್ತಾ ಕೂರದೆ ಇವತ್ತೇ ಆಸ್ಪತ್ರೆಗೆ ಹೋಗಿ.

ಈಗ ಮೂರು ವರ್ಷವಾಯಿತು. ಕಳೆದ ಸಲ ಅಳೆದಾಗ 6 ಇತ್ತು, ಪೂರ್ತಿ ಒಂದು ಗಂಟೆ ಪಟ್ಟಿ ಹಾಕಿಕೊಂಡು ಕೂತು. ನಿದ್ದೆಗೆಟ್ಟ ರಾತ್ರಿ ಸ್ವಲ್ಪ ಜಾಸ್ತಿ ಆಗುತ್ತದೆ. ಮನೆಯವರು "ಹೊರಟಿತು ನೋಡು" ಎನ್ನುತ್ತಾರೆ. ಒಮ್ಮೆ ರೆಪ್ಪೆ ಬಡಿದರೆ ವಾಪಸ್ ಬರುತ್ತದೆ.