ಜಪಾನಿನ ಕಾಯಂ ನಿವಾಸ ಮತ್ತು ಪಿಂಚಣಿ ಉಳಿಸಿಕೊಂಡು ಊರಿಗೆ ಮರಳುವ ಬಗ್ಗೆ

ನಮಸ್ಕಾರ. ಅಡಿಕೆ ತೋಟ ನೋಡಿಕೊಳ್ಳಲು ಮೂರು ನಾಲ್ಕು ವರ್ಷ ತೀರ್ಥಹಳ್ಳಿಗೆ ಬಂದಿದ್ದರೆ ಜಪಾನಿನ ಕಾಯಂ ನಿವಾಸ ಹೋಗುತ್ತದೆಯೇ, ಅಲ್ಲಿ 7 ವರ್ಷ ಕಟ್ಟಿದ ಪಿಂಚಣಿ ಹಣವನ್ನು ಈಗಲೇ ವಾಪಸ್ ಪಡೆಯುವುದು ಒಳ್ಳೆಯದೇ ಎಂದು ನೀವು ಕೇಳಿದ್ದೀರಿ. ನಮ್ಮ ಅಣ್ಣನ ಕುಟುಂಬ ಅಲ್ಲಿಂದ ಮರಳುವಾಗ ಈ ಕಾಗದಪತ್ರಗಳನ್ನೆಲ್ಲ ನಾನೇ ನೋಡಿಕೊಂಡದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇವೆರಡೂ ಬೇರೆ ಬೇರೆ ಹಕ್ಕುಗಳು ಎಂಬುದನ್ನು ಮೊದಲು ಗಮನಿಸಿ. ಕಾಯಂ ನಿವಾಸ ನಿಂತಿರುವುದು ನೀವು ಯಾವ ದಿನಾಂಕದೊಳಗೆ ಜಪಾನಿಗೆ ಮರಳುತ್ತೀರಿ ಎಂಬುದರ ಮೇಲೆ. ಪಿಂಚಣಿ ನಿಂತಿರುವುದು ಎಷ್ಟು ತಿಂಗಳು ವಂತಿಗೆ ಕಟ್ಟಿದ್ದೀರಿ ಎಂಬುದರ ಮೇಲೆ. ಒಂದು ಹೋದರೆ ಇನ್ನೊಂದೂ ಹೋಗುತ್ತದೆ ಎಂಬ ಭಯ ಬೇಡ.

ಕಾಯಂ ನಿವಾಸಕ್ಕೆ ಗಡುವಿಲ್ಲದಿದ್ದರೂ ದೇಶದ ಹೊರಗಿರುವುದಕ್ಕೆ ಗಡುವಿದೆ. ಏನೂ ಅರ್ಜಿ ಹಾಕದೆ, ವಿಮಾನ ನಿಲ್ದಾಣದಲ್ಲಿ ರೆಸಿಡೆನ್ಸ್ ಕಾರ್ಡ್ ತೋರಿಸಿ ವಿಶೇಷ ಮರುಪ್ರವೇಶದ ಸೌಲಭ್ಯದಲ್ಲಿ ಹೊರಟರೆ, ಹೊರಟ ದಿನದಿಂದ 1 ವರ್ಷದೊಳಗೆ ಮರಳಲೇಬೇಕು. 2012ರ ಜುಲೈನಲ್ಲಿ ಬಂದ ಈ ಸೌಲಭ್ಯವನ್ನು ಹೊರದೇಶದಲ್ಲಿದ್ದುಕೊಂಡು ಒಂದು ದಿನವೂ ವಿಸ್ತರಿಸಲಾಗದು. ಮನೆಯಲ್ಲಿ ಯಾರಿಗೋ ಕಾಯಿಲೆ ಎಂದರೂ ಆಗದು. ಆದ್ದರಿಂದ ನಿಮ್ಮಂಥವರು ಹೊರಡುವ ಮುನ್ನವೇ ವಲಸೆ ಕಚೇರಿಗೆ ಹೋಗಿ, ಹಲವು ಬಾರಿ ಬಳಸಬಹುದಾದ ಮರುಪ್ರವೇಶ ಪರವಾನಗಿಯನ್ನು ಪಡೆದುಕೊಳ್ಳಬೇಕು. ಇದು ಗರಿಷ್ಠ 5 ವರ್ಷಕ್ಕೆ ಸಿಗುತ್ತದೆ. 2025ರ ಏಪ್ರಿಲ್‌ನಲ್ಲಿ ಪರಿಷ್ಕರಿಸಿದ ಶುಲ್ಕ ಕಚೇರಿಯಲ್ಲಿ 7,000 ಯೆನ್. ಅನಿವಾರ್ಯ ಕಾರಣವಿದ್ದರೆ ಜಪಾನಿನ ದೂತಾವಾಸದಲ್ಲಿ ಅರ್ಜಿ ಹಾಕಿ ಇನ್ನೊಂದು ವರ್ಷ ಕೇಳಬಹುದು. ಆದರೆ ಒಟ್ಟು 6 ವರ್ಷ ಮೀರುವಂತಿಲ್ಲ. ಹೆಂಡತಿಗೂ ಮಗುವಿಗೂ ಪ್ರತ್ಯೇಕವಾಗಿ ಮಾಡಿಸಬೇಕು.

ನಿಲ್ದಾಣದಲ್ಲಿ ಹೊರಡುವಾಗ ತುಂಬುವ ಸಣ್ಣ ಚೀಟಿಯನ್ನು ಅವಸರದಲ್ಲಿ ತುಂಬಬೇಡಿ. ಅದರಲ್ಲಿ ವಿಶೇಷ ಮರುಪ್ರವೇಶಕ್ಕೆ ಒಂದು ಚೌಕ, ಪರವಾನಗಿ ಪಡೆದು ಹೊರಡುವವರಿಗೆ ಇನ್ನೊಂದು ಚೌಕ ಇರುತ್ತದೆ. 5 ವರ್ಷದ ಪರವಾನಗಿ ಪಾಸ್‌ಪೋರ್ಟಿನಲ್ಲಿದ್ದರೂ ರೂಢಿಯಂತೆ ಮೊದಲನೆಯದಕ್ಕೆ ಗುರುತು ಹಾಕಿದರೆ 1 ವರ್ಷದ ಲೆಕ್ಕಕ್ಕೆ ಬಿದ್ದುಬಿಡುವ ಅಪಾಯವಿದೆ. ಹಾಗಾಗಿ ಅಧಿಕಾರಿಗೆ ಪರವಾನಗಿಯ ಪುಟವನ್ನೇ ತೆರೆದು ತೋರಿಸಿ, ಇದರ ಮೇಲೆ ಹೊರಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ. ಊರಿನಲ್ಲಿರುವಾಗ ಪಾಸ್‌ಪೋರ್ಟ್ ನವೀಕರಿಸಿದರೆ, ಮೂಲೆ ಕತ್ತರಿಸಿ ಕೊಟ್ಟ ಹಳೆಯ ಪುಸ್ತಕವನ್ನು ಜೋಪಾನವಾಗಿಟ್ಟು ಮರಳುವಾಗ ಎರಡನ್ನೂ ಒಯ್ಯಬೇಕು. ರೆಸಿಡೆನ್ಸ್ ಕಾರ್ಡಿಗೂ ನಿಗದಿತ ಅವಧಿಯಿದೆ, ಅದನ್ನು ಜಪಾನಿನಲ್ಲೇ ನವೀಕರಿಸಬೇಕು. ನೀವು ಊರಿನಲ್ಲಿರುವಾಗ ಅದು ಮುಗಿಯುವಂತಿದ್ದರೆ ಕಾರಣ ತಿಳಿಸಿ ಮೊದಲೇ ಹೊಸ ಕಾರ್ಡ್ ಪಡೆಯಿರಿ. 5 ವರ್ಷದ ಪರವಾನಗಿ ಇದ್ದರೂ, ಕೊಯ್ಲು, ಸುಲಿತ ಎಲ್ಲ ಮುಗಿದು ಬೋರ್ಡೋ ಸಿಂಪಡಣೆ ಇನ್ನೂ ಶುರುವಾಗದ ಮಾರ್ಚ್ ಏಪ್ರಿಲ್‌ನಲ್ಲಿ ಒಮ್ಮೊಮ್ಮೆ ಅಲ್ಲಿಗೆ ಹೋಗಿಬರುವುದು ಕ್ಷೇಮವೆಂದು ನನ್ನ ಅಭಿಪ್ರಾಯ.

ವಿಳಾಸ ರದ್ದು ಮಾಡಿಸಿದರೆ ಕಾಯಂ ನಿವಾಸ ಹೋಗುತ್ತದೆಂದು ಹೆದರಿ ಕೆಲವರು ಪುರಸಭೆಗೆ ತಿಳಿಸದೆಯೇ ಬಂದುಬಿಡುತ್ತಾರೆ. ಇದು ತಪ್ಪು ತಿಳಿವಳಿಕೆ. ಹೊರದೇಶಕ್ಕೆ ಹೋಗುವ ಸೂಚನೆ ಕೊಟ್ಟ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಮರಳಿ ನೆಲೆಸಿದಾಗ 14 ದಿನದೊಳಗೆ ವಿಳಾಸ ದಾಖಲಿಸಿದರೆ ಸಾಕು. ಸೂಚನೆ ಕೊಡದಿದ್ದರೆ ರಾಷ್ಟ್ರೀಯ ಪಿಂಚಣಿಯ ವಂತಿಗೆ, 2025ನೇ ಸಾಲಿನಲ್ಲಿ ತಿಂಗಳಿಗೆ 17,510 ಯೆನ್, ಜೊತೆಗೆ ಆರೋಗ್ಯ ವಿಮೆಯ ಕಂತು, ಎರಡೂ ನಿಮ್ಮ ಹೆಸರಿನಲ್ಲಿ ಬಾಕಿ ಬೆಳೆಯುತ್ತಾ ಹೋಗುತ್ತವೆ. ಬೇಕೆಂದೇ ತೆರಿಗೆಯನ್ನೂ ಸಾಮಾಜಿಕ ವಿಮೆಯನ್ನೂ ಕಟ್ಟದವರ ಕಾಯಂ ನಿವಾಸ ರದ್ದುಪಡಿಸಲು ಅವಕಾಶ ಕೊಡುವ ತಿದ್ದುಪಡಿ 2024ರ ಜೂನ್‌ನಲ್ಲಿ ಅಂಗೀಕಾರವಾಗಿರುವುದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಜನವರಿ 1ರಂದು ನಿಮ್ಮ ವಿಳಾಸ ಅಲ್ಲಿದ್ದರೆ ಹಿಂದಿನ ವರ್ಷದ ಆದಾಯದ ಮೇಲಿನ ಸ್ಥಳೀಯ ತೆರಿಗೆ, ನೀವು ಫೆಬ್ರವರಿಯಲ್ಲೇ ಹೊರಟರೂ, ಪೂರ್ತಿ ಬರುತ್ತದೆ. ಅದನ್ನು ಕಟ್ಟಲು ಅಲ್ಲಿರುವ ನಂಬಿಕಸ್ಥರೊಬ್ಬರನ್ನು ತೆರಿಗೆ ಪ್ರತಿನಿಧಿಯನ್ನಾಗಿ ನೇಮಿಸಿ ಬನ್ನಿ.

ಇನ್ನು ಪಿಂಚಣಿಯ ಮಾತು. ಹಣ ವಾಪಸ್ ಪಡೆಯಿರಿ ಎಂದು ಇಲ್ಲಿ ಇಬ್ಬರು ಸಲಹೆ ಕೊಟ್ಟಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಈಗಿರುವ ನಿಯಮದಂತೆ ಎಷ್ಟೇ ತಿಂಗಳು ಕಟ್ಟಿದ್ದರೂ 60 ತಿಂಗಳ ಲೆಕ್ಕಕ್ಕೆ ಮಾತ್ರ ಹಣ ಬರುತ್ತದೆ, ಆದರೆ ಅಳಿಸಿಹೋಗುವುದು ನೀವು ಕಟ್ಟಿದ 84 ತಿಂಗಳ ದಾಖಲೆಯೂ ಪೂರ್ತಿಯಾಗಿ. ಈ ಮಿತಿಯನ್ನು 8 ವರ್ಷಕ್ಕೆ ಏರಿಸುವ ತೀರ್ಮಾನ 2025ರ ಸುಧಾರಣೆಯಲ್ಲಿ ಆಗಿದೆಯಾದರೂ, ಮರುಪ್ರವೇಶ ಪರವಾನಗಿಯೊಂದಿಗೆ ಹೊರಟವರಿಗೆ ಅದರ ಅವಧಿ ಇರುವವರೆಗೆ ಈ ಹಣ ಕೊಡದಿರುವ ನಿಯಮವೂ ಅದರ ಜೊತೆಗೇ ಬರಲಿದೆ. ಬೋನಸ್ ಸೇರಿ ಸರಾಸರಿ ಸಂಬಳ ತಿಂಗಳಿಗೆ 4 ಲಕ್ಷ ಯೆನ್ ಎಂದಿಟ್ಟುಕೊಂಡರೆ, ವಾಪಸಾಗುವುದು ಸುಮಾರು 22 ಲಕ್ಷ ಯೆನ್. ಅದರಲ್ಲೂ ಮೊದಲು ಶೇ. 20.42 ತೆರಿಗೆ ಮುರಿಯುತ್ತಾರೆ. ಅದೇ 84 ತಿಂಗಳಿಗೆ 65ನೇ ವಯಸ್ಸಿನಿಂದ ಬರುವ ಪಿಂಚಣಿ, ಮೂಲ ಪಿಂಚಣಿಯ 2025ನೇ ಸಾಲಿನ ದರದಲ್ಲಿ, ಮೂಲ ಪಿಂಚಣಿ ಮತ್ತು ಸಂಬಳಕ್ಕೆ ತಕ್ಕಂತೆ ಬರುವ ನೌಕರರ ಪಿಂಚಣಿ ಎಂಬ ಎರಡೂ ಭಾಗ ಸೇರಿ ವರ್ಷಕ್ಕೆ ಸುಮಾರು 3.3 ಲಕ್ಷ ಯೆನ್, ಅದೂ ಬದುಕಿರುವವರೆಗೆ. ಏಳು ವರ್ಷ ಪಡೆದರೆ ವಾಪಸಾತಿಯ ಮೊತ್ತವನ್ನು ಅದು ದಾಟುತ್ತದೆ.

ಆದರೆ 10 ವರ್ಷ ಆಗಿಲ್ಲವಲ್ಲ ಎಂಬುದು ನಿಮ್ಮ ಆತಂಕ. ಅರ್ಹತೆಗೆ ಬೇಕಾಗಿದ್ದ 25 ವರ್ಷವನ್ನು 2017ರ ಆಗಸ್ಟ್‌ನಲ್ಲಿ 10 ವರ್ಷಕ್ಕೆ ಇಳಿಸಿದ್ದಾರೆ. ಕಾಯಂ ನಿವಾಸ ಪಡೆದವರಿಗೆ ಇನ್ನೊಂದು ದೊಡ್ಡ ಅನುಕೂಲವಿದೆ: 20ರಿಂದ 60 ವರ್ಷದೊಳಗೆ, ಕಾಯಂ ನಿವಾಸ ಸಿಗುವ ಮುನ್ನ ಹೊರದೇಶದಲ್ಲಿ ಕಳೆದ ಕಾಲವೂ ಅರ್ಹತೆಯ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಅಲ್ಲಿ ಕಾರಾ ಕಿಕಾನ್ ಎನ್ನುತ್ತಾರೆ. ಇದರಿಂದ ಪಿಂಚಣಿಯ ಮೊತ್ತ ಹೆಚ್ಚುವುದಿಲ್ಲ, ಅರ್ಹತೆ ಮಾತ್ರ ಸಿಗುತ್ತದೆ. ನೀವು 28ನೇ ವಯಸ್ಸಿನಲ್ಲಿ ಜಪಾನಿಗೆ ಹೋದವರು. ಅದಕ್ಕೆ ಮುಂಚಿನ 8 ವರ್ಷಕ್ಕೆ ಕಟ್ಟಿದ 7 ವರ್ಷ ಸೇರಿದರೆ 15 ಆಯಿತು. 10 ವರ್ಷದ ಅರ್ಹತೆ ಇರುವವರಿಗೆ ವಾಪಸಾತಿ ಸಿಗುವುದೂ ಇಲ್ಲ. ಹಾಗಾಗಿ ಹೊರಡುವ ಮೊದಲು ಪಿಂಚಣಿ ಕಚೇರಿಯಲ್ಲಿ ಈ ಲೆಕ್ಕವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಭಾರತ-ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದದಂತೆ ಇಲ್ಲಿನ ಪಿಎಫ್ ಅಡಿಯ ಪಿಂಚಣಿ ಯೋಜನೆಯ ಸೇವಾವಧಿಯನ್ನೂ ಅರ್ಹತೆಗೆ ಕೂಡಿಸಬಹುದು. ಬೆಂಗಳೂರಿನಲ್ಲಿ ಹಿಂದೆ ಕೆಲಸ ಮಾಡಿದ್ದರೆ ಆ ದಾಖಲೆ ಇಟ್ಟುಕೊಳ್ಳಿ. ಸ್ವಂತ ತೋಟದ ದುಡಿಮೆಯ ವರ್ಷಗಳು ಇದಕ್ಕೆ ಸೇರುವುದಿಲ್ಲ. ಊರಿನಲ್ಲಿದ್ದುಕೊಂಡು ಸ್ವಇಚ್ಛೆಯಿಂದ ಜಪಾನಿನ ವಂತಿಗೆ ಮುಂದುವರಿಸುವ ಅವಕಾಶ ಜಪಾನಿನ ಪ್ರಜೆಗಳಿಗಷ್ಟೇ ಇದೆ, ನಮಗಿಲ್ಲ.

10 ಅಂಕಿಯ ಮೂಲ ಪಿಂಚಣಿ ಸಂಖ್ಯೆ ಇರುವ ಕಾಗದದ ಪ್ರತಿಯನ್ನು ಹೆಂಡತಿಯ ಕೈಯಲ್ಲೂ ಒಂದು ಇಡಿ. 65 ಆದಾಗ ಊರಿನ ವಿಳಾಸಕ್ಕೆ ಅರ್ಜಿ ತಾನಾಗಿ ಬರುತ್ತದೆಂದು ಕಾಯಬೇಡಿ. ನೀವೇ ಅರ್ಜಿ ಹಾಕಬೇಕು, ತಡಮಾಡಿದರೆ 5 ವರ್ಷಕ್ಕಿಂತ ಹಳೆಯ ಕಂತುಗಳು ಕಾಲಮಿತಿ ಮೀರಿ ಹೋಗುತ್ತವೆ. ಮಂಜೂರಾದ ಮೇಲೆ ಭಾರತದ ಬ್ಯಾಂಕ್ ಖಾತೆಗೇ ಹಣ ತರಿಸಿಕೊಳ್ಳಬಹುದು.