ಸುಣ್ಣದಕಲ್ಲು ತೆಗೆದು ಬಿಟ್ಟ ಗಣಿಯಲ್ಲಿ ಮತ್ತೆ ಹಸಿರು ಬರುತ್ತಾ?

ಸೇಡಂ ಕಡೆಯ ಸುಣ್ಣದಕಲ್ಲು ಗಣಿಗಳನ್ನು ನೋಡಿ, ಕಲ್ಲು ಮುಗಿದ ಮೇಲೆ ಅಲ್ಲಿ ಗಿಡಮರ ಬೆಳೆದು ಜನ ಓಡಾಡುವ ಜಾಗ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಕೀನ್ಯಾದ ಮೊಂಬಾಸಾದಲ್ಲಿ ಕೆಲಸಕ್ಕಿದ್ದಾಗ ಬಿಡುವು ಸಿಕ್ಕಾಗೆಲ್ಲ ಹೋಗುತ್ತಿದ್ದ, ಹಳೇ ಗಣಿಯಲ್ಲೇ ಎದ್ದ ಹಾಲರ್ ಪಾರ್ಕ್ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಬಂಬುರಿ ಸಿಮೆಂಟ್ ಕಂಪನಿ ಅಲ್ಲಿ 1954ರಿಂದ ಹವಳದ ಸುಣ್ಣದಕಲ್ಲು ತೆಗೆಯುತ್ತಿತ್ತು. ಅಗೆದಾದ ಮೇಲೆ ಉಳಿದದ್ದು ಬರೀ ಬಂಡೆ. ಹಿಡಿ ಮಣ್ಣಿಲ್ಲ, ಕೆಳಗಿನ ನೀರೂ ಉಪ್ಪುಪ್ಪು. 1970ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಕೃಷಿತಜ್ಞ ರೆನೆ ಹಾಲರ್ ಅಲ್ಲಿ 26 ಜಾತಿಯ ಸಸಿ ನೆಡಿಸಿದರು. ಉಳಿದುಕೊಂಡಿದ್ದು 3 ಜಾತಿ ಮಾತ್ರ. ಅದರಲ್ಲಿ ಚೆನ್ನಾಗಿ ಎದ್ದು ಬಂದದ್ದು ಗಾಳಿಮರ. ನಮ್ಮ ಕಾರವಾರ, ಹೊನ್ನಾವರದ ಕಡಲತೀರದಲ್ಲಿ ಕಾಣುತ್ತದಲ್ಲ, ಅದೇ. ಉಪ್ಪು ತಡೆಯುತ್ತದೆ, ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ.

ಆದರೂ ಕೆಲಸ ಅಲ್ಲಿಗೇ ನಿಂತಿತು. ಉದುರಿದ ಸೂಜಿಯೆಲೆಗಳಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಜಾಸ್ತಿ, ಕೊಳೆಯದೆ ರಾಶಿ ಬಿದ್ದವು. ಈ ಎಲೆಯನ್ನು ತಿನ್ನುವ ಕೆಂಪು ಕಾಲಿನ ಸಹಸ್ರಪದಿ ಹಾಲರ್ ಕಣ್ಣಿಗೆ ಬಿತ್ತು. ಚೋರಟೆ ಅಂತೀವಲ್ಲ, ಆ ಜಾತಿಯ ಹುಳ. ನೂರಾರು ಹುಳ ತರಿಸಿ ಬಿಟ್ಟರು. ಅವು ತಿಂದು ಹಾಕಿದ್ದೇ ಗೊಬ್ಬರವಾಗಿ, ಬಂಡೆಯ ಮೇಲೆ ಮಣ್ಣು ಕಟ್ಟಿತು. ಬೇರೆ ಮರಗಳು ಬೇರೂರಿದ್ದು ಆಮೇಲೆ. ನನಗೆ ಇಡೀ ಕಥೆಯಲ್ಲಿ ದೊಡ್ಡದು ಇದೇ. ಜನ ಮಾತಾಡುವುದು ಮಾತ್ರ 2004ರ ಸುನಾಮಿಯಲ್ಲಿ ತಬ್ಬಲಿಯಾಗಿ ಇಲ್ಲಿಗೆ ಬಂದ ಓವೆನ್ ಎಂಬ ನೀರಾನೆ ಮರಿ, ಅದನ್ನು ಹತ್ತಿರ ಸೇರಿಸಿದ ಮುದಿ ದೈತ್ಯ ಆಮೆ ಮ್ಜೀ ಬಗ್ಗೆ. ಅದೂ ಚಂದದ ಕಥೆಯೇ.

ಈಗ ಅಲ್ಲಿ ಮೀನಿನ ಕೊಳಗಳಿವೆ, ಜಿರಾಫೆಗೆ ಕೈಯಾರೆ ತಿನ್ನಿಸಬಹುದು. ಪಕ್ಕದ ಇನ್ನೊಂದು ಹಳೇ ಗಣಿಯ ಕಾಡಿನಲ್ಲಿ ನಡೆಯಲು, ಸೈಕಲ್ ಹೊಡೆಯಲು ದಾರಿಗಳಿವೆ.

ಸೇಡಂನಲ್ಲಿ ಹಾಗೇ ಗಾಳಿಮರ ನೆಡಿ ಅಂತ ನಾನು ಹೇಳುವುದಿಲ್ಲ. ಅದು ಕಡಲ ಬದಿಯ ಮರ; ನಿಮ್ಮದು ಒಣ ಬಯಲುಸೀಮೆ. ನಿಮಗೊಂದು ಅನುಕೂಲವಿದೆ: ಕಲ್ಲಿನ ಮೇಲೆ ಕಪ್ಪು ಮಣ್ಣಿರುತ್ತದೆ. ಅಗೆಯುವಾಗ ಅದನ್ನು ಬೇರೆಯಾಗಿ ತೆಗೆದಿಟ್ಟು, ಆಮೇಲೆ ಗುಂಡಿಗೆ ಹರಡಬಹುದು. ಊರವರು ಕಂಪನಿಯನ್ನು ಮೊದಲು ಕೇಳಬೇಕಾದದ್ದು ಆ ಮಣ್ಣು ಎಲ್ಲಿಟ್ಟಿದ್ದೀರಿ ಅಂತ. ಬೇವು, ಹೊಂಗೆ, ಜಾಲಿಯಂಥ ಹತ್ತಾರು ಜಾತಿಗಳನ್ನು ಸಣ್ಣ ತುಂಡು ಜಾಗದಲ್ಲಿ ನೆಟ್ಟು, ಎರಡು ಬೇಸಿಗೆ ದಾಟಿದ್ದನ್ನು ಮಾತ್ರ ಮುಂದುವರಿಸಲಿ.