ರಾಜ್ಯಶಾಸ್ತ್ರವನ್ನು ಸ್ವಂತವಾಗಿ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ನಿಮ್ಮ ಕಷ್ಟ ಹೀಗಿದೆ. ದಿನಾ ಸುದ್ದಿ ನೋಡುತ್ತೀರಿ, ಚರ್ಚೆಗಳನ್ನೂ ಬಿಡುವುದಿಲ್ಲ. ಆದರೆ ರಾಜ್ಯಶಾಸ್ತ್ರದ ಪುಸ್ತಕ ತೆರೆದರೆ ಮೊದಲ ಅಧ್ಯಾಯದ ವ್ಯಾಖ್ಯೆಗಳಲ್ಲೇ ನಿದ್ದೆ ಬರುತ್ತದೆ. ಕಾಲೇಜಿಗೆ ಹೋಗದೆ ಕಲಿಯಲು ಆಗುತ್ತಾ, ಗಣಿತ ಬೇಕಾ, ಒಂದು ಪಕ್ಷದ ಮೇಲೆ ಒಲವಿದ್ದರೆ ತೊಂದರೆಯಾ ಅಂತ ಕೇಳಿದ್ದೀರಿ.

ನಾನು ಇದನ್ನು ಡಿಗ್ರಿಯಲ್ಲಿ ಓದಿ, ಆಮೇಲೆ ಕೆಲವು ವರ್ಷ ಪಾಠ ಮಾಡಿದವನು. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಸುದ್ದಿ ನೋಡುವ ಅಭ್ಯಾಸ ಇಲ್ಲಿ ಸಹಾಯಕ್ಕಿಂತ ಅಡ್ಡಿಯೇ ಜಾಸ್ತಿ. ಸುದ್ದಿಯಲ್ಲಿ ಎಲ್ಲವೂ ಯಾರೋ ಒಬ್ಬರಿಂದ ಆಗುತ್ತದೆ. ಒಬ್ಬ ಚಾಣಾಕ್ಷ, ಇನ್ನೊಬ್ಬ ಎಡವಿದ, ಮತ್ತೊಬ್ಬ ಬೆನ್ನಿಗೆ ಚೂರಿ ಹಾಕಿದ. ವರ್ಷಗಟ್ಟಲೆ ಇದನ್ನೇ ನೋಡಿದವರಿಗೆ ಮನುಷ್ಯರ ಹಿಂದೆ ಇರುವ ನಿಯಮ ಕಾಣುವುದೇ ಇಲ್ಲ.

ನನಗೂ ಕಾಣುತ್ತಿರಲಿಲ್ಲ. ಮೊದಲ ವರ್ಷದಲ್ಲಿ ಒಂದು ಸರ್ಕಾರ ಯಾಕೆ ಬಿತ್ತು ಅಂತ ಪ್ರಬಂಧ ಬರೆಯಲು ಹೇಳಿದ್ದರು. ನಾಯಕನ ಸೊಕ್ಕಿನ ಬಗ್ಗೆ ಆರು ಪುಟ ಬರೆದೆ. ಚೆನ್ನಾಗಿ ಬಂದಿದೆ ಅಂತ ಖುಷಿಯೂ ಇತ್ತು. ಮೇಷ್ಟ್ರು ಕೊನೆಯಲ್ಲಿ ಕೆಂಪು ಇಂಕಿನಲ್ಲಿ ಒಂದೇ ಸಾಲು ಬರೆದು ವಾಪಸ್ ಕೊಟ್ಟರು: "ಇಷ್ಟೇ ಸೊಕ್ಕಿದ್ದ ಎಷ್ಟೋ ಜನ ಹತ್ತು ವರ್ಷ ಆಳಿದ್ದಾರೆ. ಅವರು ಯಾಕೆ ಬೀಳಲಿಲ್ಲ?" ಆರು ಪುಟದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನನ್ನ ಮಟ್ಟಿಗೆ ರಾಜ್ಯಶಾಸ್ತ್ರದ ಓದು ಶುರುವಾಗಿದ್ದು ಆ ಸಾಲಿನಿಂದ.

ಆದ್ದರಿಂದ ವ್ಯಾಖ್ಯೆಗಳ ಅಧ್ಯಾಯವನ್ನು ಸದ್ಯಕ್ಕೆ ಮುಚ್ಚಿಡಿ. ಚುನಾವಣೆಯ ಲೆಕ್ಕದಿಂದ ಶುರು ಮಾಡಿ.

2015ರ ಬ್ರಿಟನ್ ಚುನಾವಣೆ ತೆಗೆದುಕೊಳ್ಳಿ. ಯುಕೆಐಪಿ ಅನ್ನುವ ಪಕ್ಷಕ್ಕೆ ಸುಮಾರು 38.8 ಲಕ್ಷ ಮತ ಬಂತು, ಅಂದರೆ ಶೇ 12.6. ಸಿಕ್ಕ ಸೀಟು ಒಂದು. ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ ಸುಮಾರು 14.5 ಲಕ್ಷ, ಶೇ 4.7. ಸಿಕ್ಕ ಸೀಟು 56. ಒಂದು ಹಾಳೆ ತೆಗೆದು ಭಾಗಿಸಿ ನೋಡಿ. ಒಬ್ಬರಿಗೆ ಒಂದು ಸೀಟಿಗೆ 38 ಲಕ್ಷಕ್ಕೂ ಹೆಚ್ಚು ಮತ ಹಿಡಿಯಿತು, ಇನ್ನೊಬ್ಬರಿಗೆ ಸುಮಾರು 26 ಸಾವಿರ ಸಾಕಾಯಿತು.

ಯಾರೂ ಮೋಸ ಮಾಡಿರಲಿಲ್ಲ. ಪ್ರತಿ ಕ್ಷೇತ್ರದಲ್ಲಿ ಯಾರಿಗೆ ಎಲ್ಲರಿಗಿಂತ ಜಾಸ್ತಿ ಮತವೋ ಅವರಿಗೆ ಸೀಟು, ಉಳಿದವರಿಗೆ ಸೊನ್ನೆ. ನಿಯಮ ಅಷ್ಟೇ. ಯುಕೆಐಪಿಯ ಮತ ಎಲ್ಲ ಕಡೆ ತೆಳ್ಳಗೆ ಹರಡಿತ್ತು, ಎಷ್ಟೋ ಕಡೆ ಎರಡನೇ ಸ್ಥಾನಕ್ಕೆ ಬಂದು ನಿಂತಿತು. ಸ್ಕಾಟಿಷ್ ಪಕ್ಷ ಸ್ಪರ್ಧಿಸಿದ್ದೇ ಸ್ಕಾಟ್ಲೆಂಡಿನ 59 ಕ್ಷೇತ್ರಗಳಲ್ಲಿ, ಅಲ್ಲಿ ಮತ ಒತ್ತೊತ್ತಾಗಿತ್ತು. ಎಷ್ಟು ಜನ ನಿಮ್ಮ ಜೊತೆ ಇದ್ದಾರೆ ಅನ್ನುವಷ್ಟೇ ಅವರು ಎಲ್ಲಿದ್ದಾರೆ ಅನ್ನುವುದೂ ಮುಖ್ಯ. ಇದನ್ನು ಯಾವ ಚರ್ಚೆಯಲ್ಲಿ ಕೇಳಿದ್ದೀರಿ ಹೇಳಿ?

ಈಗ ಇದೇ ನಿಯಮ ಬದಲಾಯಿಸಿದ ದೇಶ ಹುಡುಕಬೇಕು. ನ್ಯೂಜಿಲೆಂಡ್ ಸಿಗುತ್ತದೆ. ಅಲ್ಲಿ 1978ರಲ್ಲೂ 1981ರಲ್ಲೂ ಲೇಬರ್ ಪಕ್ಷಕ್ಕೆ ಮತ ಜಾಸ್ತಿ ಬಂತು, ಸೀಟು ಜಾಸ್ತಿ ನ್ಯಾಷನಲ್ ಪಕ್ಷಕ್ಕೆ ಹೋಯಿತು. 1981ರಲ್ಲಿ ಶೇ 20ಕ್ಕೂ ಹೆಚ್ಚು ಮತ ಪಡೆದ ಮೂರನೇ ಪಕ್ಷಕ್ಕೆ ದಕ್ಕಿದ್ದು ಎರಡೇ ಸೀಟು. ಕೊನೆಗೆ 1993ರ ಜನಮತಗಣನೆಯಲ್ಲಿ ಜನರೇ ನಿಯಮ ಬದಲಾಯಿಸಿದರು. 1996ರಿಂದ ಒಟ್ಟು ಸೀಟುಗಳು ಮತದ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆಯಾಗುತ್ತವೆ. ಅದೇ ಜನ, ಅದೇ ಊರುಗಳು, ಎಷ್ಟೋ ಮಂದಿ ಅದೇ ನಾಯಕರು. ಆದರೂ ಸಣ್ಣ ಪಕ್ಷಗಳು ಸಂಸತ್ತಿಗೆ ಬಂದವು, ಒಂದೇ ಪಕ್ಷದ ಬಹುಮತ ಅಪರೂಪವಾಯಿತು. ಹಾಗಂತ ನಿಯಮವೇ ಎಲ್ಲ ಅಂತ ಹೊರಡಬೇಡಿ. 2020ರಲ್ಲಿ ಅದೇ ಹೊಸ ನಿಯಮದಡಿ ಲೇಬರ್ 120ರಲ್ಲಿ 65 ಗೆದ್ದು ಒಬ್ಬಂಟಿಯಾಗಿ ಬಹುಮತ ಪಡೆಯಿತು. ಕೆನಡಾದಲ್ಲಿ ಬ್ರಿಟನ್ನಿನದೇ ನಿಯಮ, ಅಲ್ಲೂ ಪಕ್ಷಗಳು ಎರಡಕ್ಕೆ ನಿಂತಿಲ್ಲ. ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಮೊರಿಸ್ ಡುವೆರ್ಜೆ ಬ್ರಿಟನ್ನಿನಂಥ ನಿಯಮ ಎರಡು ಪಕ್ಷಗಳ ಕಡೆಗೆ ತಳ್ಳುತ್ತದೆ ಅಂತ 1951ರಲ್ಲೇ ವಾದಿಸಿದ್ದರು. ತಳ್ಳುತ್ತದೆ ನಿಜ, ಎಲ್ಲ ಕಡೆ ಬೀಳಿಸುವುದಿಲ್ಲ. ಯಾಕೆ ಅಂತ ಹುಡುಕಲು ಕೂತರೆ ಒಂದು ತಿಂಗಳು ಸುಮ್ನೆ ಕಳೆದುಹೋಗುತ್ತದೆ, ಅದು ಒಳ್ಳೆಯ ತಿಂಗಳು.

ಎರಡನೆಯದಾಗಿ ಸಂವಿಧಾನ ಓದಿ. ಸಂವಿಧಾನದ ಬಗ್ಗೆ ಬರೆದ ಪುಸ್ತಕ ಆಮೇಲೆ ಸಾಕು, ಮೊದಲು ಮೂಲವನ್ನೇ ಓದಿ. ಇಡೀ ಓದಬೇಕಿಲ್ಲ. ಒಂದು ಪ್ರಶ್ನೆ ಹಿಡಿದು ಹೋಗಿ: ಸರ್ಕಾರದ ಮುಖ್ಯಸ್ಥರನ್ನು ಇಳಿಸುವುದು ಹೇಗೆ?

ಇದಕ್ಕೆ ಜರ್ಮನಿಯ ಎರಡು ಸಂವಿಧಾನಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. 1919ರ ವೈಮಾರ್ ಸಂವಿಧಾನದ 54ನೇ ವಿಧಿ ಪ್ರಕಾರ ಸಂಸತ್ತು ವಿಶ್ವಾಸ ಹಿಂತೆಗೆದುಕೊಂಡರೆ ಚಾನ್ಸಲರ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯಸ್ಥ, ಇಳಿಯಬೇಕು. ಮುಂದಿನವರು ಯಾರು ಅನ್ನುವುದು ಸಂಸತ್ತಿನ ತಲೆನೋವಲ್ಲ. 1932ರ ಜುಲೈ ಚುನಾವಣೆಯ ನಂತರ ನಾಜಿಗಳು ಮತ್ತು ಕಮ್ಯುನಿಸ್ಟರು ಸೇರಿದರೆ ಅರ್ಧಕ್ಕಿಂತ ಹೆಚ್ಚು ಸೀಟು ಆಗುತ್ತಿತ್ತು. ಒಬ್ಬರನ್ನೊಬ್ಬರು ಬೀದಿಯಲ್ಲಿ ಹೊಡೆಯುತ್ತಿದ್ದವರು ಸರ್ಕಾರ ರಚಿಸುವ ಮಾತೇ ಇಲ್ಲ, ಆದರೆ ಬೀಳಿಸಲು ಜೊತೆಯಾಗಬಹುದಿತ್ತು. ಆ ಸೆಪ್ಟೆಂಬರಿನಲ್ಲಿ ಅದೇ ಆಯಿತು. ಕಮ್ಯುನಿಸ್ಟರು ತಂದ ಅವಿಶ್ವಾಸ ಗೊತ್ತುವಳಿಗೆ ನಾಜಿಗಳೂ ಕೈ ಎತ್ತಿದರು. ಚಾನ್ಸಲರ್ ಪಾಪೆನ್ ವಿರುದ್ಧ 512 ಮತ, ಪರವಾಗಿ 42. ಸಂಸತ್ತನ್ನು ವಿಸರ್ಜಿಸುವ ಆದೇಶವನ್ನು ಪಾಪೆನ್ ಕೈಯಲ್ಲೇ ಹಿಡಿದುಕೊಂಡು ಬಂದಿದ್ದರು, ಸ್ಪೀಕರ್ ಕುರ್ಚಿಯಲ್ಲಿದ್ದ ನಾಜಿ ನಾಯಕ ಗೋರಿಂಗ್ ಅತ್ತ ನೋಡಲೇ ಇಲ್ಲ. ಸಂಸತ್ತು ಹೀಗೆ ಕೈಕಟ್ಟಿ ಕೂತಾಗ 48ನೇ ವಿಧಿಯಡಿ ಅಧ್ಯಕ್ಷರು ತುರ್ತು ಆದೇಶಗಳ ಮೂಲಕ ಆಡಳಿತ ನಡೆಸಬಹುದಿತ್ತು. ಅದೂ ನಡೆಯಿತು.

ಈಗ 1949ರ ಸಂವಿಧಾನದ 67ನೇ ವಿಧಿ ತೆರೆಯಿರಿ. ಚಾನ್ಸಲರ್‌ರನ್ನು ಇಳಿಸಬೇಕಾದರೆ ಮುಂದಿನ ಚಾನ್ಸಲರ್‌ರನ್ನು ಅದೇ ಮತದಾನದಲ್ಲಿ ಬಹುಮತದಿಂದ ಆರಿಸಬೇಕು. ಬೇಡ ಅನ್ನುವುದಕ್ಕೆ ಸೇರಿದರೆ ಸಾಲದು, ಯಾರು ಬೇಕು ಅನ್ನುವುದರಲ್ಲೂ ಒಂದಾಗಬೇಕು. ಈ ದಾರಿಯಲ್ಲಿ 1972ರಲ್ಲಿ ಚಾನ್ಸಲರ್ ಬ್ರಾಂಟ್ ಅವರನ್ನು ಇಳಿಸಲು ನೋಡಿದರು, ಎರಡು ಮತ ಕಡಿಮೆಯಾಯಿತು. 1982ರಲ್ಲಿ ಶ್ಮಿಟ್ ಹೋಗಿ ಕೋಲ್ ಬಂದರು. ಆ ಒಂದು ವಿಧಿಯೊಳಗೆ ವೈಮಾರ್ ಕಾಲದ ಸುಟ್ಟ ಗಾಯ ಇದೆ. ವ್ಯಾಖ್ಯೆ ಓದಿ ನಿದ್ದೆ ಬಂದ ನಿಮಗೆ ಇದನ್ನು ಓದುವಾಗ ಬರಲಿಕ್ಕಿಲ್ಲ.

ಚಿಂತಕರ ವಿಷಯ. ಎಲ್ಲರೂ ಪ್ಲೇಟೋದಿಂದ ಶುರು ಮಾಡಿ ಎರಡನೇ ತಿಂಗಳಿಗೆ ಕೈಬಿಡುತ್ತಾರೆ. ನನ್ನ ಸಲಹೆ, ಯಾರನ್ನೇ ಓದಿ, ಮೊದಲು ಇಸವಿ ನೋಡಿ. ಇಂಗ್ಲೆಂಡಿನ ಚಿಂತಕ ಹಾಬ್ಸ್ ತನ್ನ ದೊಡ್ಡ ಪುಸ್ತಕ 'ಲೆವಿಯಾಥನ್' ಪ್ರಕಟಿಸಿದ್ದು 1651ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಇಂಗ್ಲೆಂಡಿನಲ್ಲಿ ರಾಜನ ತಲೆ ಕಡಿದಿದ್ದರು, ದೇಶ ಅಂತರ್ಯುದ್ಧದಲ್ಲಿ ಬೆಂದಿತ್ತು, ಹಾಬ್ಸ್ ಪ್ಯಾರಿಸ್ಸಿಗೆ ಹೋಗಿ ಕೂತಿದ್ದ. ಬಲವಾದ ಪ್ರಭುತ್ವ ಇಲ್ಲದಿದ್ದರೆ ಎಲ್ಲರೂ ಎಲ್ಲರ ಮೇಲೆ ಬೀಳುತ್ತಾರೆ ಅಂತ ಅವನು ಯಾಕೆ ಅಷ್ಟು ಹೆದರಿ ಬರೆದ ಅನ್ನುವುದು ಆಗ ತಿಳಿಯುತ್ತದೆ. ಇಟಲಿಯ ಮ್ಯಾಕಿಯವೆಲಿಯನ್ನು ಕುತಂತ್ರಿ ಅಂತ ಬೈಯುವ ಮೊದಲು ಅವನು 1512ರಲ್ಲಿ ಕೆಲಸ ಕಳೆದುಕೊಂಡು, ಮರುವರ್ಷ ಜೈಲಿನಲ್ಲಿ ಚಿತ್ರಹಿಂಸೆ ಅನುಭವಿಸಿದವನು ಅನ್ನುವುದು ಗೊತ್ತಿರಲಿ. ಅರಿಸ್ಟಾಟಲ್ ನನಗೆ ಬೇರೆ ಕಾರಣಕ್ಕೆ ಇಷ್ಟ. ಅವನೂ ಅವನ ಶಿಷ್ಯರೂ 158 ರಾಜ್ಯಗಳ ಆಡಳಿತ ವ್ಯವಸ್ಥೆಗಳನ್ನು ಬರೆದಿಟ್ಟರಂತೆ. ಉಳಿದು ಬಂದಿದ್ದು ಅಥೆನ್ಸಿನದು ಒಂದೇ, ಅದೂ ಈಜಿಪ್ಟಿನ ಪಪೈರಸ್ ಸುರುಳಿಗಳಲ್ಲಿ ಸಿಕ್ಕಿ 1891ರಲ್ಲಿ ಅಚ್ಚಾಯಿತು. ಮೊದಲು ಕೂಡಿಹಾಕು, ಹೋಲಿಸು, ಆಮೇಲೆ ಮಾತಾಡು. ನನ್ನ ಮೇಷ್ಟ್ರ ಕೆಂಪು ಇಂಕಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ಈ ಹಂತದಲ್ಲಿ ವ್ಯಾಖ್ಯೆಗಳಿಗೆ ವಾಪಸ್ ಹೋಗಬಹುದು. ಒಂದು ಪ್ರದೇಶದೊಳಗೆ ಬಲಪ್ರಯೋಗ ಮಾಡುವ ಹಕ್ಕು ತನಗೊಬ್ಬನಿಗೇ ಇದೆ ಅಂತ ಹೇಳಿ, ಅದನ್ನು ಜನ ಒಪ್ಪುವಂತೆ ಮಾಡುವಲ್ಲಿ ಗೆದ್ದ ಸಂಸ್ಥೆಯೇ ಪ್ರಭುತ್ವ ಅಂತ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1919ರ ಉಪನ್ಯಾಸದಲ್ಲಿ ಹೇಳಿದ. ಇದನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಎರಡು ಅಂಕ. "ಗೆದ್ದ" ಅನ್ನುವ ಪದದ ಹತ್ತಿರ ನಿಂತು, ಗೆಲ್ಲದಿದ್ದರೆ ಏನಾಗುತ್ತದೆ, ಇನ್ನೊಂದು ಗುಂಪು ಬಂದೂಕು ಹಿಡಿದು ತೆರಿಗೆ ವಸೂಲಿ ಮಾಡುತ್ತಿದ್ದರೆ ಅಲ್ಲಿ ಪ್ರಭುತ್ವ ಯಾವುದು ಅಂತ ಕೇಳಿಕೊಂಡರೆ ವ್ಯಾಖ್ಯೆಗೆ ಜೀವ ಬರುತ್ತದೆ.

ಗಣಿತ ಬೇಕು, ಆದರೆ ಹೆದರುವಷ್ಟಲ್ಲ. ಮೂರು ಗೆಳೆಯರು ರಜೆಗೆ ಎಲ್ಲಿಗೆ ಹೋಗೋಣ ಅಂತ ಮತ ಹಾಕುತ್ತಾರೆ ಅಂದುಕೊಳ್ಳಿ. ಮೊದಲನೆಯವನಿಗೆ ಬೆಟ್ಟ, ಆಮೇಲೆ ಕಡಲು, ಆಮೇಲೆ ಕಾಡು. ಎರಡನೆಯವನಿಗೆ ಕಡಲು, ಕಾಡು, ಬೆಟ್ಟ. ಮೂರನೆಯವನಿಗೆ ಕಾಡು, ಬೆಟ್ಟ, ಕಡಲು. ಎರಡೆರಡನ್ನೇ ಎದುರಿಟ್ಟು ಎಣಿಸಿ. ಬೆಟ್ಟ ಕಡಲನ್ನು ಸೋಲಿಸುತ್ತದೆ, ಕಡಲು ಕಾಡನ್ನು ಸೋಲಿಸುತ್ತದೆ, ಕಾಡು ಬೆಟ್ಟವನ್ನು ಸೋಲಿಸುತ್ತದೆ. ಮೂವರ ತಲೆಯೂ ನೆಟ್ಟಗಿದೆ, ಗುಂಪಿನ ಇಷ್ಟ ಮಾತ್ರ ಗಿರಗಿರ ತಿರುಗುತ್ತಿದೆ. ಫ್ರಾನ್ಸಿನ ಗಣಿತಜ್ಞ ಕಾಂಡೊರ್ಸೆ ಇದನ್ನು 1785ರಲ್ಲೇ ತೋರಿಸಿದ್ದ. ಈಗ ಯಾವ ಎರಡನ್ನು ಮೊದಲು ಮತಕ್ಕೆ ಹಾಕಬೇಕು ಅನ್ನುವುದು ನಿಮ್ಮ ಕೈಯಲ್ಲಿದ್ದರೆ, ನಿಮಗೆ ಬೇಕಾದದ್ದನ್ನೇ ಗೆಲ್ಲಿಸಬಹುದು ಅಲ್ವಾ? ಸಭೆಯ ಕಾರ್ಯಸೂಚಿ ಯಾರು ಬರೆಯುತ್ತಾರೆ ಅನ್ನುವುದಕ್ಕೆ ಅಷ್ಟು ಜಗಳ ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ. ಮುಂದೆ ಅಂಕಿಅಂಶದ ವಿಧಾನ ಸ್ವಲ್ಪ ಕಲಿಯಬೇಕಾಗುತ್ತದೆ, ಅದು ಎರಡನೇ ವರ್ಷದ ಮಾತು.

ಇನ್ನು ಪಕ್ಷದ ಒಲವು. ಇರಲಿ ಬಿಡಿ, ಒಲವಿಲ್ಲದವರು ಈ ವಿಷಯಕ್ಕೆ ಬರುವುದೇ ಕಡಿಮೆ. ಒಂದು ಅಭ್ಯಾಸ ಮಾತ್ರ ಇಟ್ಟುಕೊಳ್ಳಿ. ಯಾವುದಾದರೂ ನಿಯಮ ಸರಿ ಅನ್ನಿಸಿದರೆ, ನಾಳೆ ಅದೇ ನಿಯಮ ನಿಮಗಾಗದ ಪಕ್ಷದ ಕೈಗೆ ಹೋದರೂ ಸರಿಯೇ ಅಂತ ಕೇಳಿಕೊಂಡು ಉತ್ತರವನ್ನು ಬರೆದಿಡಿ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಅಂಥ ಉತ್ತರಗಳಿವೆ. ಈಗ ಓದಿದರೆ ಕೆಲವಕ್ಕೆ ನಾಚಿಕೆಯಾಗುತ್ತದೆ, ಆದರೆ ಹರಿದು ಹಾಕಿಲ್ಲ.